ಹೊಳೆಯ ಮೇಲಿನ ಓದು, ಹೊಳೆಯ ಕೆಳಗಿನ ಓದು
(ಎಂ.ಕೆ. ಹುಬ್ಬಳ್ಳಿಯಲ್ಲಿ ಓದುಗರ ಮುಂದೆ ಮಂಡಿಸಿದ ಉಪನ್ಯಾಸದ ಪಠ್ಯ)



ಓದುಗರು ಒಂದೆಡೆ ಸೇರಿದಾಗ ಮೊದಲು ಹುಟ್ಟುವ ಪ್ರಶ್ನೆಗಳು ಎರಡು. ಈಗ ಏನು ಓದುತ್ತಿದ್ದೀರಿ? ನಿಮ್ಮ ಮೆಚ್ಚಿನ ಲೇಖಕರು ಯಾರು? ಈ ಪ್ರಶ್ನೆಗಳಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಥಟ್ಟನೆ ನಾಲ್ಕು ಹೆಸರು ಹೇಳುತ್ತಾರೆ. ಹೊಲದಿಂದ ಎದ್ದು ಬಂದವರು ತಡವರಿಸುತ್ತಾರೆ. 'ಓದಲಿಕ್ಕೆ ಎಲ್ಲಿ ಹೊತ್ತು?' ಎಂದು ನಕ್ಕು ಸುಮ್ಮನಾಗುತ್ತಾರೆ. ಆದರೆ ಮಾತು ತುಸು ಮುಂದುವರಿದರೆ ಅವರ ಮನೆಯ ಮಾಡಿನಲ್ಲಿ ಒಂದು ಶರಣರ ಚರಿತ್ರೆಯೋ, ಮಗಳು ಶಾಲೆಯಿಂದ ತಂದ ಕಥೆಯ ಪುಸ್ತಕವೋ, ಅಂಚು ಹರಿದ ಒಂದು ಕಾದಂಬರಿಯೋ ಇರುವುದು ಗೊತ್ತಾಗುತ್ತದೆ. ಓದು ಇದೆ, ಅದನ್ನು ಓದೆಂದು ಕರೆದುಕೊಳ್ಳುವ ಧೈರ್ಯವಿಲ್ಲ. ಓದಿದ್ದನ್ನು ನಾಲ್ಕು ಜನರ ಮುಂದೆ ಹೇಳುವ ರೂಢಿ ತಪ್ಪಿಹೋಗಿದೆ.

ಇಂದಿನ ಮಾತಿನ ಉದ್ದೇಶ ಯಾವ ಲೇಖಕ ದೊಡ್ಡವನು ಎಂದು ತೀರ್ಮಾನಿಸುವುದಲ್ಲ. ಓದನ್ನು ಹಂಚಿಕೊಳ್ಳುವುದಕ್ಕೂ ಒಂದು ಹೊಳೆಯನ್ನು, ಒಂದು ಕಾಡನ್ನು ಉಳಿಸಿಕೊಳ್ಳುವುದಕ್ಕೂ ಇರುವ ನಂಟನ್ನು ವಿಚಾರಿಸುವುದು. ಆ ವಿಚಾರಕ್ಕೆ ಎಂ.ಕೆ. ಹುಬ್ಬಳ್ಳಿಗಿಂತ ತಕ್ಕ ಊರು ದೊರೆಯುವುದು ಕಷ್ಟ.

ಹೊಳೆಯೊಳಗಿನ ಲೇಖಕಿ

ಮುಗುಟಖಾನ ಹುಬ್ಬಳ್ಳಿ ಬೆಳಗಾವಿ ಮತ್ತು ಧಾರವಾಡಗಳ ನಡುವೆ ಹೆದ್ದಾರಿಯ ಮಗ್ಗುಲಿಗಿದೆ. ದಾರಿಹೋಕರಿಗೆ ಅದು ಸಕ್ಕರೆ ಕಾರ್ಖಾನೆಯ ಊರು, ಹೊಳೆಯ ಸೇತುವೆಯ ಊರು. ಆದರೆ ಆ ಹೊಳೆಯ ಪಾತ್ರದೊಳಗೇ ಗಂಗಾಂಬಿಕೆಯ ಐಕ್ಯಮಂಟಪವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದಾಗ ಬಸವಣ್ಣನವರ ಮಡದಿ ಗಂಗಾಂಬಿಕೆ ಈ ದಾರಿಯಲ್ಲಿ ಬಂದು ಇಲ್ಲಿಯೇ ಐಕ್ಯಳಾದಳೆಂದು ಪರಂಪರೆ ಹೇಳುತ್ತದೆ. ಶರಣರ ಒಂದು ತಂಡ ಇನ್ನೂ ಪಡುವಣಕ್ಕೆ ಸಾಗಿ ಕಾಡು ಹೊಕ್ಕಿತು. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ನೆನಪು ಉಳಿದಿದೆ. ಉತ್ತರ ಕನ್ನಡದ ದಟ್ಟ ಅಡವಿಯ ನಡುವಿನ ಉಳವಿಯಲ್ಲಿ ಚೆನ್ನಬಸವಣ್ಣನ ಸಮಾಧಿಯಿದೆ. ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಅವರು ಬಯಲಿನಿಂದ ಬೆಟ್ಟಕ್ಕೆ ಹೋದರೆಂಬುದು ಈ ಸೀಮೆಯ ಜನರ ನಂಬುಗೆ.

ಗಂಗಾಂಬಿಕೆ ಬಸವಣ್ಣನವರ ಮಡದಿ ಎಂಬುದು ಎಲ್ಲರಿಗೂ ಗೊತ್ತು. ಆಕೆ ಸ್ವತಃ ವಚನಕಾರ್ತಿ ಎಂಬುದನ್ನು ನೆನೆಯುವವರು ಕಡಿಮೆ. ಆಕೆಯ ವಚನಗಳಲ್ಲಿ ಇಂದು ಉಳಿದಿರುವುದು ಕೆಲವೇ. ಅವುಗಳ ಅಂಕಿತ 'ಗಂಗಾಪ್ರಿಯ ಕೂಡಲಸಂಗಮದೇವ'. ಆ ಅಂಕಿತವನ್ನು ಹೊಳೆಯ ಕಣ್ಣಿನಿಂದ ಒಮ್ಮೆ ನೋಡಬೇಕು. ಹುಬ್ಬಳ್ಳಿಯ ಮಂಟಪವನ್ನು ಸೋಕಿ ಹರಿಯುವ ನೀರು ಸವದತ್ತಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕೊನೆಗೆ ಕೃಷ್ಣೆಯನ್ನು ಕೂಡುವ ತಾಣವೇ ಕೂಡಲಸಂಗಮ. ಆಕೆ ಐಕ್ಯಳಾದ ತಾಣವೂ ಆಕೆಯ ಅಂಕಿತದಲ್ಲಿ ನಿಂತ ತಾಣವೂ ಒಂದೇ ಹೊಳೆಯ ಮೇಲಿವೆ.

ಹಬ್ಬ ಹುಣ್ಣಿಮೆಗಳಲ್ಲಿ ಸಾವಿರಾರು ಜನ ಬಂದು ಆ ಮಂಟಪಕ್ಕೆ ಕೈಮುಗಿಯುತ್ತಾರೆ, ಹೊಳೆಯಲ್ಲಿ ಮುಳುಗು ಹಾಕುತ್ತಾರೆ. ಅವರಲ್ಲಿ ಆಕೆಯ ಒಂದು ವಚನವನ್ನಾದರೂ ಓದಿದವರು ಎಷ್ಟು? 'ಮೆಚ್ಚಿನ ಲೇಖಕರು ಯಾರು' ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ದೂರ ಹೋಗಬೇಕಾಗಿಲ್ಲ. ಈ ಊರಿನ ಲೇಖಕಿ ಊರಿನ ಹೊಳೆಯಲ್ಲಿಯೇ ಇದ್ದಾಳೆ. ಪೂಜೆ ಸಲ್ಲುತ್ತಿದೆ, ಓದು ಸಲ್ಲುತ್ತಿಲ್ಲ. ಹೊಳೆಗೂ ಇದೇ ಗತಿ. ಅದಕ್ಕೆ ಬಾಗಿನ ಸಲ್ಲುತ್ತದೆ, ಆರತಿ ಸಲ್ಲುತ್ತದೆ. ಅದು ಎಲ್ಲಿ ಹುಟ್ಟಿತು, ಏಕೆ ಬತ್ತುತ್ತದೆ, ಏಕೆ ಉಕ್ಕುತ್ತದೆ ಎಂದು ತಿಳಿಯುವ ಗೋಜಿಗೆ ಹೋಗುವವರು ವಿರಳ.

ಕೇಳಿ ಓದಿದವರು

'ಅಕ್ಷರ ಬಾರದವರಿಗೆ ಓದಿನ ಮಾತೇಕೆ' ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡ ನಾಡಿನ ಜನ ಶಾಸ್ತ್ರವಾಗಿ ಓದದೆಯೂ ಕಾವ್ಯದ ಮರ್ಮ ಬಲ್ಲವರೆಂದು ಹೊಗಳುತ್ತದೆ. ತಿರುಳ್ಗನ್ನಡದ ನಾಡು ಯಾವುದೆಂದು ನಾಲ್ಕು ಊರುಗಳನ್ನು ಗುರುತಿಸಿ ಎಲ್ಲೆ ಹೇಳುವುದೂ ಅದೇ ಗ್ರಂಥ. ಕಿಸುವೊಳಲು, ಕೊಪಣ, ಪುಲಿಗೆರೆ ಮತ್ತು ಒಕ್ಕುಂದ ಆ ನಾಲ್ಕು ಊರುಗಳು. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು, ಮಲಪ್ರಭೆಯ ದಂಡೆಯ ಊರು. ಒಕ್ಕುಂದವನ್ನು ಬೈಲಹೊಂಗಲ ತಾಲ್ಲೂಕಿನ ವಕ್ಕುಂದವೆಂದು ವಿದ್ವಾಂಸರು ಗುರುತಿಸುತ್ತಾರೆ. ಅದೂ ಮಲಪ್ರಭೆಯ ದಂಡೆಯ ಊರೇ. ಹುಬ್ಬಳ್ಳಿಯಿಂದ ಕೆಳಗೆ ಹರಿದ ನೀರು ಕನ್ನಡದ ತಿರುಳಿನ ನಾಡನ್ನೇ ತೊಯ್ಯಿಸಿದೆ.

ಈ ಸೀಮೆಯಲ್ಲಿ ಓದು ಎಂದೂ ಒಬ್ಬಂಟಿ ಕೆಲಸವಾಗಿರಲಿಲ್ಲ. ಶ್ರಾವಣ ಬಂತೆಂದರೆ ಮಠದಲ್ಲಿಯೋ ಗುಡಿಯ ಕಟ್ಟೆಯಲ್ಲಿಯೋ ಪುರಾಣ ಹಚ್ಚುತ್ತಿದ್ದರು. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಿದ್ದರು. ಚಾಮರಸನ 'ಪ್ರಭುಲಿಂಗಲೀಲೆ', ಲಕ್ಷ್ಮೀಶನ 'ಜೈಮಿನಿ ಭಾರತ' ಮೊದಲಾದ ಕಾವ್ಯಗಳು ಹಾಳೆಯ ಮೇಲೆ ಅಕ್ಷರ ಗುರುತಿಸಲಾರದ ಎಷ್ಟೋ ಹಿರಿಯರಿಗೆ ಹೀಗೆ ಕಿವಿಯ ಮೂಲಕವೇ ಬಂದವು. ಪುರಾಣ ಮುಗಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ನಡೆಯುತ್ತಿದ್ದ ಚರ್ಚೆಯಿದೆಯಲ್ಲ, ಅದೇ ಓದಿನ ಹಂಚಿಕೆ.

ಲಾವಣಿ, ಗೀಗೀ ಪದ, ಸಣ್ಣಾಟಗಳೂ ಹೀಗೆಯೇ ಊರೂರು ದಾಟಿದ ಪುಸ್ತಕಗಳು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಕಥೆಯನ್ನು ಈ ಭಾಗದ ಹಾಡುಗಾರರು ಬಾಯಲ್ಲಿ ಉಳಿಸಿಕೊಂಡಿದ್ದರು. ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅಂಥ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅಚ್ಚಾಗುವ ಮೊದಲು ಅರ್ಧ ಶತಮಾನದ ಕಾಲ ಆ ಕಥೆಯನ್ನು ಕಾಪಾಡಿದ್ದು ಹಾಡಿದವರು ಮತ್ತು ಕೇಳಿದವರು. ಬೈಲಹೊಂಗಲದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ನೆನೆದರೂ ಇದೇ ಸತ್ಯ ಕಾಣುತ್ತದೆ. ಆದ್ದರಿಂದ ಓದುಗರು ಸೇರಿ ತಮ್ಮ ಓದನ್ನು ಹೇಳಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. ನಿಂತುಹೋದುದನ್ನು ಮತ್ತೆ ಹಚ್ಚುವ ಕೆಲಸವದು.

ಪುಸ್ತಕ ಹೊತ್ತವರು

ಉತ್ತರ ಕರ್ನಾಟಕದಲ್ಲಿ ಪುಸ್ತಕ ಓದುಗನ ಕೈ ಸೇರಿದ್ದು ಸುಲಭವಾಗಿ ಅಲ್ಲ. ಕಾದಂಬರಿಕಾರ ಗಳಗನಾಥರು (1869–1942) ತಾವು ಬರೆದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಲೇಖಕನೇ ಓದುಗನ ಬಾಗಿಲಿಗೆ ನಡೆದು ಬಂದ ಕಾಲವದು. ಮರಾಠಿಯ ಪ್ರಾಬಲ್ಯವಿದ್ದ ಆ ದಿನಗಳಲ್ಲಿ ಕನ್ನಡದಲ್ಲಿ ಕಾದಂಬರಿ ಓದುವ ರುಚಿಯನ್ನು ಮನೆಮನೆಗೆ ಹಚ್ಚಿದ್ದು ಆ ಗಂಟು.

ಫ.ಗು. ಹಳಕಟ್ಟಿಯವರ (1880–1964) ದಾರಿ ಇದಕ್ಕೆ ತಿರುವುಮುರುವು. ಅವರು ಮನೆಮನೆಗೆ ಹೋದದ್ದು ಪುಸ್ತಕ ಕೊಡುವುದಕ್ಕಲ್ಲ, ಪಡೆಯುವುದಕ್ಕೆ. ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಹುಡುಕಿ ತೆಗೆದು, ಓದಿ, ಪ್ರತಿ ಮಾಡಿಕೊಂಡರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮುದ್ರಣಾಲಯವೊಂದರಲ್ಲಿ ಅಚ್ಚಾಗಿ ಹೊರಬಂತು. ಮುಂದೆ ವಿಜಾಪುರದಲ್ಲಿ ತಮ್ಮದೇ ಮುದ್ರಣಾಲಯ ತೆರೆದು, ಬಡತನವನ್ನು ಲೆಕ್ಕಿಸದೆ ಅವರು ಆ ಕಾಯಕವನ್ನು ಬದುಕಿನುದ್ದಕ್ಕೂ ನಡೆಸಿದರು. ಅಂದು ಆ ಮನೆಗಳ ಹಿರಿಯರು ದೇವರ ಕಟ್ಟನ್ನು ಬಿಚ್ಚಲು ಒಪ್ಪದೆ ಇದ್ದಿದ್ದರೆ ಇಂದು ಶರಣರ ಎಷ್ಟೋ ಮಾತುಗಳು ಗೆದ್ದಲಿನ ಪಾಲಾಗಿರುತ್ತಿದ್ದವು. ಪೂಜೆಯ ವಸ್ತು ಓದಿನ ವಸ್ತುವಾಗಿ ಬದಲಾದಾಗಲೇ ಅದು ಉಳಿಯಿತು.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರ ಓದುಗರನ್ನು ನಂಬಿಯೇ ನಿಂತಿತು. ಹೀಗೆ ತಲೆಯ ಮೇಲಿನ ಗಂಟು, ಜಗಲಿಯ ಮೇಲಿನ ಕಟ್ಟು, ಚಂದಾದಾರನ ಹಣ ಇವೆಲ್ಲ ಸೇರಿ ಈ ಭಾಗದ ಓದನ್ನು ಕಟ್ಟಿವೆ. ಇಂದು ಪುಸ್ತಕ ಸಿಗುವುದು ಕಷ್ಟವಲ್ಲ. ಸಿಕ್ಕ ಪುಸ್ತಕ ಒಬ್ಬರ ಮನೆಯ ಕಪಾಟಿನಲ್ಲಿಯೇ ನಿಲ್ಲುತ್ತಿದೆ ಎಂಬುದೇ ಕಷ್ಟ.

ಮೇಲಿನ ಊರು, ಕೆಳಗಿನ ಊರು

ಈಗ ಹೊಳೆಯ ಮಾತಿಗೆ ಬರಬೇಕು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಳೆಕಾಡಿನ ಅಂಚಿನಲ್ಲಿ. ಅಲ್ಲಿಂದ ಮೂಡಣಕ್ಕೆ ಸುಮಾರು 300 ಕಿಲೋಮೀಟರ್ ಹರಿದು ಅದು ಕೃಷ್ಣೆಯನ್ನು ಸೇರುತ್ತದೆ. ಬೆಟ್ಟದ ಹೊಳೆ ಬಯಲಿನ ಹೊಳೆಯಾಗುವ ಹಾದಿಯಲ್ಲಿ ಹುಬ್ಬಳ್ಳಿ ನಿಂತಿದೆ. ಪಡುವಣಕ್ಕೆ ಮುಖಮಾಡಿದರೆ ಕಾಡು, ಭತ್ತದ ಗದ್ದೆ, ಜಡಿಮಳೆ. ಮೂಡಣಕ್ಕೆ ತಿರುಗಿದರೆ ಎರೆಭೂಮಿ, ಜೋಳ, ಹತ್ತಿ, ಮಳೆಗಾಗಿ ಮುಗಿಲು ನೋಡುವ ಕಣ್ಣುಗಳು. ನಡುವೆ ಕಬ್ಬು.

ಬೆಟ್ಟದವರಿಗೆ ಬಯಲಿನವರ ಬರ ಗೊತ್ತಿಲ್ಲ. ಬಯಲಿನವರಿಗೆ ಬೆಟ್ಟದವರ ಕಾಡು ಗೊತ್ತಿಲ್ಲ. ನೀರು ಇಬ್ಬರನ್ನೂ ಕಟ್ಟಿದೆ, ತಿಳಿವಳಿಕೆ ಕಟ್ಟಿಲ್ಲ. ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಎದ್ದಿತು. ಅದರ ಹಿನ್ನೀರು ರೇಣುಕಾಸಾಗರ, ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ. ಅಚ್ಚುಕಟ್ಟಿನ ರೈತರು ಕರದ ಹೊರೆಯ ವಿರುದ್ಧ ಎದ್ದು ನಿಂತಾಗ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು. ಮಹದಾಯಿ ಕಣಿವೆಯ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತರಬೇಕೆಂಬ ಬೇಡಿಕೆ ದಶಕಗಳಿಂದ ನಡೆದಿದೆ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಈ ಎರಡು ಹಳ್ಳಗಳಿಂದ ಮಲಪ್ರಭೆಗೆ ಒಟ್ಟು 3.90 ಟಿಎಂಸಿ ನೀರನ್ನು ಹಂಚಿಕೆ ಮಾಡಿತು. ಮರುವರ್ಷವೇ, 2019ರ ಆಗಸ್ಟಿನಲ್ಲಿ, ಇದೇ ಮಲಪ್ರಭೆ ಉಕ್ಕಿ ರಾಮದುರ್ಗದವರೆಗೆ ದಂಡೆಯ ಊರುಗಳನ್ನು ಮುಳುಗಿಸಿತು. ನೀರಿಲ್ಲವೆಂದು ಬೀದಿಗಿಳಿದ ಸೀಮೆಯ ಜನ ನೀರಿನಿಂದ ತಪ್ಪಿಸಿಕೊಳ್ಳಲು ಮನೆ ಬಿಟ್ಟರು.

ಇಂಥ ಹೊಳೆಯ ದಂಡೆಯಲ್ಲಿ ಓದುವವರು ಏನನ್ನು ಓದಬೇಕು? ಕೆಳಗಿನ ಊರು ಮೇಲಿನ ಊರಿನ ಪುಸ್ತಕವನ್ನು ಓದಬೇಕು. ಮೇಲಿನ ಊರು ಕೆಳಗಿನ ಊರಿನ ಪುಸ್ತಕವನ್ನು ಓದಬೇಕು. ಇಂದಿನ ಮಾತಿನ ಸಾರ ಇಷ್ಟೇ.

ಬಯಲಿನ ವಿದ್ಯಾರ್ಥಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕೈಗೆತ್ತಿಕೊಳ್ಳಲಿ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟವರ ಕಥೆಯದು. ಊರಿನವರ ಲೆಕ್ಕಕ್ಕೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ನಿಜವಾದ ಪ್ರಕೃತಿ ತಜ್ಞನನ್ನು ಕಾಣುತ್ತಾರೆ. ಅದನ್ನು ಓದಿದ ಹುಡುಗ ತನ್ನ ಊರಿನ ಕುರಿಗಾಹಿಯನ್ನು, ಮೀನು ಹಿಡಿಯುವ ಅಂಬಿಗರವನನ್ನು ಬೇರೆ ಕಣ್ಣಿನಿಂದ ನೋಡಲು ಕಲಿಯುತ್ತಾನೆ. ಸಸ್ಯಶಾಸ್ತ್ರವೆಂದರೆ ಬಾಯಿಪಾಠವೆಂದು ಬೇಸತ್ತವರು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಲಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅಧ್ಯಾಪಕನ ನಗೆ, ಜ್ಞಾನ, ಸ್ವತಃ ಬರೆದ ರೇಖಾಚಿತ್ರಗಳು ಮೂರೂ ಅದರಲ್ಲಿವೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇನ್ನೂ ದೊಡ್ಡ ಓದಿಗೆ ಅಣಿಯಾದವರಿಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಇದೆ. ಅಲ್ಲಿ ಕಾಡು ಕಥೆಯ ಹಿನ್ನೆಲೆಯಲ್ಲ, ಕಥೆಯ ಒಬ್ಬ ಪಾಲುದಾರ.

ಬೆಟ್ಟದ ಓದುಗರು ಬಯಲಿಗೆ ಇಳಿಯಲಿ. ರಾವಬಹಾದ್ದೂರರ 'ಗ್ರಾಮಾಯಣ'ದಲ್ಲಿ (1957) ಒಬ್ಬ ವ್ಯಕ್ತಿಯಲ್ಲ, ಉತ್ತರ ಕರ್ನಾಟಕದ ಒಂದು ಹಳ್ಳಿಯೇ ನಾಯಕ. ನಿಸರ್ಗದ ಮುನಿಸೂ ಮನುಷ್ಯರ ಹಟವೂ ಕೂಡಿ ಒಂದು ಊರು ಹೇಗೆ ಶಿಥಿಲವಾಗುತ್ತದೆ ಎಂಬುದನ್ನು ಅದು ಬಿಡಿಸಿ ತೋರುತ್ತದೆ. ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ' ಬೆಳಗಾವಿ ಸೀಮೆಯ ಒಕ್ಕಲು ಮನೆತನದ ಬದುಕನ್ನು ಈ ಸೀಮೆಯ ಮಾತಿನಲ್ಲಿಯೇ ಹೇಳುತ್ತದೆ. ಗೋಕಾಕ ನಾಡಿನ ಮಲಾಮರಡಿಯ ಬಸವರಾಜ ಕಟ್ಟೀಮನಿ (1919–1989) ದುಡಿಯುವವರ ಸಿಟ್ಟನ್ನು ಮುಚ್ಚುಮರೆಯಿಲ್ಲದೆ ಬರೆದರು. ಇವರನ್ನು ಓದಿದ ಬೆಟ್ಟದವರಿಗೆ ಬಯಲಿನ ರೈತನ ನೀರಿನ ಹಂಬಲ ದುರಾಸೆಯಲ್ಲವೆಂದು ತಿಳಿಯುತ್ತದೆ.

ಎರಡೂ ಕಡೆಯವರು ಕೂಡಿ ಓದಬೇಕಾದ ಒಂದು ಪುಸ್ತಕವೂ ಇದೆ. ಅದು ನಾ. ಡಿಸೋಜ ಅವರ 'ದ್ವೀಪ'. ಅಣೆಕಟ್ಟಿನ ನೀರು ಏರಿದಂತೆ ಗುಡ್ಡದ ಮೇಲೆ ಉಳಿದುಬಿಟ್ಟ ಮನೆಯೊಂದರ ಕಥೆಯದು. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಕಟ್ಟುವ ಇಲಾಖೆಯ ಒಳಗೇ ಇದ್ದುಕೊಂಡು ಮುಳುಗುವವರ ಅಳಲನ್ನು ಬರೆದ ಅವರ ನಿಷ್ಠುರತೆ ದೊಡ್ಡದು. ರೇಣುಕಾಸಾಗರದ ನೀರಿನಿಂದ ಹೊಲ ಹಸಿರಾದವರು ಒಮ್ಮೆ ಈ ಕಾದಂಬರಿಯನ್ನು ಓದಿದರೆ, ಅದೇ ನೀರಿಗಾಗಿ ನೆಲ ಬಿಟ್ಟು ಎದ್ದವರ ಮುಖ ಕಣ್ಣಿಗೆ ಕಟ್ಟುತ್ತದೆ.

ಮೆಚ್ಚುವುದು, ಪ್ರಶ್ನಿಸುವುದು

ಮೆಚ್ಚಿನ ಲೇಖಕ ಎಂದಾಕ್ಷಣ ಆತನ ಚಿತ್ರಕ್ಕೆ ಮಾಲೆ ಹಾಕಿ ಕುಳಿತರೆ ಓದು ಅಲ್ಲಿಗೇ ನಿಂತಿತು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಶಿವರಾಮ ಕಾರಂತರ 'ಬೆಟ್ಟದ ಜೀವ' (1943) ಅನೇಕರ ಮೆಚ್ಚಿನ ಕೃತಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನೊಬ್ಬನಿಗೆ ಗೋಪಾಲಯ್ಯ ಮತ್ತು ಶಂಕರಿ ಎಂಬ ವೃದ್ಧ ದಂಪತಿಗಳ ಮನೆ ಆಶ್ರಯ ಕೊಡುತ್ತದೆ. ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸಿದವನು. ಆನೆ, ಹುಲಿಗಳೊಡನೆ ಸೆಣಸಿದವನು. ಆತನ ಛಲಕ್ಕೆ, ಅತಿಥಿಪ್ರೀತಿಗೆ, ದೂರವಾದ ಮಗನಿಗಾಗಿ ಮರುಗುವ ಮನಸ್ಸಿಗೆ ತಲೆಬಾಗದ ಓದುಗರಿಲ್ಲ.

ಆದರೆ ಇಂದಿನ ವಿದ್ಯಾರ್ಥಿ ಅದನ್ನು ಓದುವಾಗ ಒಂದು ಪ್ರಶ್ನೆ ಏಳದೆ ಇರದು. ಕಾಡನ್ನು ಕಡಿದವನು ಈ ಕಥೆಯ ನಾಯಕನೇ? ಪ್ರಶ್ನೆ ತಪ್ಪಲ್ಲ. ಅದನ್ನು ಕೇಳಿದ ಮಾತ್ರಕ್ಕೆ ಕಾರಂತರಿಗೆ ಅವಮಾನವೂ ಅಲ್ಲ. ಆ ಕಾಲದಲ್ಲಿ ಕಾಡು ಮುಗಿಯದ ಸಂಪತ್ತಿನಂತೆ ಕಾಣುತ್ತಿತ್ತು. ಒಬ್ಬ ಮನುಷ್ಯ ಕತ್ತಿ ಗುದ್ದಲಿಗಳಿಂದ ಬಿಡಿಸಿದ ತೋಟಕ್ಕೂ ಯಂತ್ರಗಳಿಂದ ಬೋಳಿಸಿದ ಗುಡ್ಡಕ್ಕೂ ವ್ಯತ್ಯಾಸವಿದೆ. ಅದೇ ಕಾರಂತರು ಮುಪ್ಪಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. 1989ರಲ್ಲಿ, ಎಂಬತ್ತೇಳರ ಆಸುಪಾಸಿನ ವಯಸ್ಸಿನಲ್ಲಿ, ಆ ವಿಷಯವನ್ನು ಜನರ ಮುಂದಿಡಲು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಆದರೆ ಕಾಡು ಗೆದ್ದವನ ಕಥೆ ಬರೆದ ಲೇಖಕ ಕಾಡಿನ ಪರವಾಗಿ ಮತ ಕೇಳಲು ಹೊರಟದ್ದು ಆತನ ಓದುಗರಿಗೆ ದೊಡ್ಡ ಪಾಠ. ಲೇಖಕ ಬೆಳೆಯುತ್ತಾನೆ. ಓದುಗನೂ ಬೆಳೆಯಬೇಕು. ಮೆಚ್ಚಿದ ಲೇಖಕನೊಡನೆ ಜಗಳ ಕಾಯುವ ಸಲುಗೆ ಇದ್ದರೆ ಮಾತ್ರ ಅದು ಮೆಚ್ಚುಗೆ.

ಅರವತ್ತು ದಿನಗಳ ಓದು

ಕಥೆ ಕಾದಂಬರಿಗಳ ಓದು ಮನಸ್ಸನ್ನು ಹದಗೊಳಿಸುತ್ತದೆ. ಹದಗೊಂಡ ಮನಸ್ಸು ಓದಬೇಕಾದ ಇನ್ನೊಂದು ಬಗೆಯ ಬರಹವಿದೆ. ಅದಕ್ಕೆ ಲೇಖಕನ ಹೆಸರಿನ ಆಕರ್ಷಣೆಯಿಲ್ಲ, ಭಾಷೆಯ ಸೊಗಸಿಲ್ಲ. ಆದರೆ ಊರಿನ ಹಣೆಬರಹ ಅದರಲ್ಲಿರುತ್ತದೆ. ಅವು ವರದಿಗಳು, ಅಧಿಸೂಚನೆಗಳು, ತೀರ್ಪುಗಳು.

ಪಶ್ಚಿಮಘಟ್ಟದ ಕುರಿತು ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದನ್ನು ಮರುಪರಿಶೀಲಿಸಿದ ಕಸ್ತೂರಿರಂಗನ್ ನೇತೃತ್ವದ ತಂಡ 2013ರಲ್ಲಿ ಇನ್ನೊಂದು ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಕೇಂದ್ರ ಸರ್ಕಾರ 2014ರಿಂದ 2024ರ ಜುಲೈವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದಲ್ಲಿ ಪರಿಸರ ಸೂಕ್ಷ್ಮವೆಂದು ಗುರುತಿಸಿದ ಪ್ರದೇಶ 20,668 ಚದರ ಕಿಲೋಮೀಟರ್. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಹಳ್ಳಿಗಳೂ ಆ ಪಟ್ಟಿಯಲ್ಲಿವೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು.

ಇಷ್ಟು ವರ್ಷಗಳಲ್ಲಿ ಘಟ್ಟದ ಊರುಗಳಲ್ಲಿ ಪರ ವಿರೋಧದ ಸಭೆಗಳಾದವು, ಮೆರವಣಿಗೆಗಳಾದವು. ಊರು ಬಿಡಿಸುತ್ತಾರಂತೆ ಎಂದು ಒಬ್ಬರು ಹೇಳಿದರು, ಸೌದೆಯನ್ನೂ ತರಬಾರದಂತೆ ಎಂದು ಇನ್ನೊಬ್ಬರು ಹೇಳಿದರು. ಎಲ್ಲವೂ 'ಅಂತೆ'. ನೂರಾರು ಪುಟಗಳ ಇಂಗ್ಲಿಷ್ ವರದಿಯನ್ನು ಓದಿ ಮಾತನಾಡಿದವರು ಎಷ್ಟು ಮಂದಿ? ವಿರೋಧಿಸುವವರು ಓದಿ ವಿರೋಧಿಸಲಿ, ಬೆಂಬಲಿಸುವವರು ಓದಿ ಬೆಂಬಲಿಸಲಿ. ಕರಡು ಅಧಿಸೂಚನೆ ಪ್ರಕಟವಾದ ಮೇಲೆ ಆಕ್ಷೇಪ ಸಲ್ಲಿಸಲು ಜನರಿಗೆ ಸಿಗುವ ಅವಧಿ 60 ದಿನ. ಆ ಅರವತ್ತು ದಿನಗಳಲ್ಲಿ ಒಂದು ಊರು ಕೂಡಿ ಕುಳಿತು ಓದದಿದ್ದರೆ, ಊರಿನ ಪರವಾಗಿ ಬೇರೆ ಯಾರೋ ಓದುತ್ತಾರೆ. ತಮಗೆ ಬೇಕಾದಂತೆ ಅರ್ಥ ಹೇಳುತ್ತಾರೆ.

ಇಲ್ಲಿ ಹಳೆಯ ಪುರಾಣದ ಪದ್ಧತಿ ನೆನಪಾಗಬೇಕು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಬಿಡಿಸುವುದು, ಊರು ಕೇಳುವುದು. ಇಂಗ್ಲಿಷ್ ಬಲ್ಲ ಕಾಲೇಜು ವಿದ್ಯಾರ್ಥಿ ಓದಲಿ. ನೆಲ ಬಲ್ಲ ಹಿರಿಯರು ಅದರ ಅರ್ಥವನ್ನು ಊರಿನ ಗುಡ್ಡ ಹಳ್ಳಗಳಿಗೆ ಹೊಂದಿಸಿ ಹೇಳಲಿ. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿತಲೆಯನ್ನು ತಡೆದರು. ಆ ಅಪ್ಪಿಕೊ ಚಳವಳಿಗೆ ಹಿಮಾಲಯದ ಚಿಪ್ಕೋ ಚಳವಳಿಯ ಕಥೆ ಪ್ರೇರಣೆಯಾಗಿತ್ತು. ದೂರದ ಬೆಟ್ಟದ ಕಥೆಯೊಂದು ಹತ್ತಿರದ ಬೆಟ್ಟದಲ್ಲಿ ಕೈಯಾಗಿ ಚಾಚಿತು. ಕೇಳಿದ ಕಥೆ ಕೃತಿಯಾಗುವುದೆಂದರೆ ಹೀಗೆ.

ಓದನ್ನು ಹಂಚುವ ಬಗೆ

ಕೊನೆಯದಾಗಿ, ಆಚರಣೆಗೆ ತರಬಹುದಾದ ಕೆಲವು ಮಾತುಗಳು. ಓದುಗರ ಕೂಟವೆಂದರೆ ವೇದಿಕೆ, ಹಾರ, ಧ್ವನಿವರ್ಧಕ ಬೇಕಿಲ್ಲ. ಹುಣ್ಣಿಮೆಗೊಮ್ಮೆ ಹತ್ತು ಜನ ಗುಡಿಯ ಕಟ್ಟೆಯ ಮೇಲೆಯೋ ಹೊಳೆಯ ದಂಡೆಯ ಮೇಲೆಯೋ ಕೂತರೆ ಸಾಕು. ಪ್ರತಿಯೊಬ್ಬರೂ ತಾವು ಓದುತ್ತಿರುವುದರ ಬಗೆಗೆ ಐದು ನಿಮಿಷ ಹೇಳಲಿ. 'ಪುಸ್ತಕ ಚೆನ್ನಾಗಿದೆ' ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಅದಕ್ಕೆ ಬದಲಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿ. ಈ ಪುಸ್ತಕದಲ್ಲಿ ಬರುವ ನೆಲ, ನೀರು, ಮರ ಯಾವುವು? ಅಲ್ಲಿ ದುಡಿಯುವವರು ಯಾರು, ಉಣ್ಣುವವರು ಯಾರು? ಇದನ್ನು ಓದಿದ ಮೇಲೆ ಸ್ವಂತ ಊರಿನಲ್ಲಿ ಮೊದಲು ಕಾಣದೆ ಇದ್ದ ಯಾವುದು ಕಾಣಿಸಿತು? ಮೂರನೆಯ ಪ್ರಶ್ನೆಗೆ ಉತ್ತರವಿದ್ದರೆ ಆ ಪುಸ್ತಕ ಓದಿದ್ದು ಸಾರ್ಥಕ.

ಓದು ಬಾರದ ಹಿರಿಯರನ್ನು ಕೂಟದ ಹೊರಗೆ ಇಡಬಾರದು. 2019ರ ಮಹಾಪೂರದಲ್ಲಿ ನೀರು ಯಾವ ಮನೆಯ ಯಾವ ಮೆಟ್ಟಿಲಿನವರೆಗೆ ಬಂತು, ಅವರ ಚಿಕ್ಕಂದಿನಲ್ಲಿ ಹೊಳೆಯ ಮಡುವಿನಲ್ಲಿ ಯಾವ ಮೀನುಗಳಿದ್ದವು, ದಂಡೆಯ ಯಾವ ಮರಗಳು ಈಗ ಇಲ್ಲ ಎಂಬುದನ್ನು ಬಲ್ಲವರು ಅವರು. ಅವರು ಹೇಳುವುದನ್ನು ಶಾಲೆಯ ಮಕ್ಕಳು ಬರೆದುಕೊಂಡರೆ ಅದೇ ಊರಿನ ಪುಸ್ತಕ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಬೆಳೆಯುವವರೇ ಬರೆಯಬಲ್ಲರೆಂದು ತೋರಿಸಿತು. ಕಬ್ಬು ಬೆಳೆಯುವವರು, ಕಬ್ಬು ಕಡಿಯುವವರು, ಕಾರ್ಖಾನೆಯಲ್ಲಿ ದುಡಿಯುವವರು ಬರೆಯಬೇಕಾದ ಕಥೆ ಈ ದಂಡೆಯಲ್ಲಿ ಬೇಕಾದಷ್ಟಿದೆ. ಕಬ್ಬು ಕುಡಿಯುವ ನೀರಿನ ಲೆಕ್ಕವೂ ಅದರಲ್ಲಿ ಸೇರಲಿ.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಮರೆಯುವಂತಿಲ್ಲ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಯಿತು. ಅವುಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರೂ ಇದೆ. ಹೆಸರಿಗೆ ತಕ್ಕ ಬಾಳು ಬರುವುದು ಊರಿನವರು ಒಳಗೆ ಕಾಲಿಟ್ಟಾಗ. ಅಲ್ಲಿ ಒಂದು ದೊಡ್ಡ ನೋಟುಬುಕ್ಕು ಇಡಬಹುದು. ಪುಸ್ತಕ ಮರಳಿಸುವವರು ಅದರಲ್ಲಿ ತಮಗೆ ತೋಚಿದ ಎರಡು ಸಾಲು ಬರೆಯಲಿ. ಮುಂದಿನ ಓದುಗನಿಗೆ ಅದೇ ಮುನ್ನುಡಿ.

ಇದರ ಜೊತೆಗೆ ಒಂದು ಪುಸ್ತಕದ ಗಂಟು ಹೊಳೆಯ ಉದ್ದಕ್ಕೂ ಪಯಣಿಸಲಿ. ಕಣಕುಂಬಿಯ ಕಡೆಯ ಓದುಗರು ಕಟ್ಟಿದ ಗಂಟು ಖಾನಾಪುರದ ಮೂಲಕ ಹುಬ್ಬಳ್ಳಿಗೆ ಇಳಿಯಲಿ. ಇಲ್ಲಿ ಒಂದೆರಡು ಪುಸ್ತಕ ಸೇರಿಕೊಂಡು ಮುನವಳ್ಳಿ, ರಾಮದುರ್ಗಗಳಿಗೆ ಸಾಗಲಿ. ಕೆಳಗಿನವರ ಗಂಟು ಮೇಲಕ್ಕೂ ಏರಲಿ. ನೀರು ಮೇಲಕ್ಕೆ ಹರಿಯದು. ಪುಸ್ತಕ ಏರಬಲ್ಲದು. ಗಳಗನಾಥರು ಒಬ್ಬರೇ ಹೊತ್ತ ಗಂಟನ್ನು ಇಷ್ಟು ಊರುಗಳು ಕೂಡಿ ಹೊರುವುದು ಭಾರವಾಗಲಾರದು.

ಬಂಧುಗಳೇ, ಮುಂದಿನ ಸಲ ಯಾರಾದರೂ 'ಈಗ ಏನು ಓದುತ್ತಿದ್ದೀರಿ' ಎಂದು ಕೇಳಿದರೆ ತಡವರಿಸಬೇಡಿ. ಶರಣರ ಚರಿತ್ರೆಯಾದರೆ ಅದನ್ನೇ ಹೇಳಿ. ಮಗಳ ಪಠ್ಯಪುಸ್ತಕವಾದರೆ ಅದನ್ನೇ ಹೇಳಿ. ಹೇಳಿದ ಮೇಲೆ ಕೇಳಿದವರನ್ನೂ ಕೇಳಿ. ಮತ್ತು ಇಂದು ಮನೆಗೆ ಮರಳುವ ಮೊದಲು ಹೊಳೆಗೆ ಇಳಿದು ಮಂಟಪಕ್ಕೆ ಕೈಮುಗಿಯುವವರು, ಗಂಗಾಂಬಿಕೆಯ ಒಂದು ವಚನವನ್ನು ಹುಡುಕಿ ಓದುವ ಸಂಕಲ್ಪ ಮಾಡಿ. ಎಂಟು ನೂರು ವರ್ಷಗಳಿಂದ ಈ ಊರಿನ ಹೊಳೆಯಲ್ಲಿ ಓದುಗರಿಗಾಗಿ ಕಾದಿರುವ ಲೇಖಕಿ ಆಕೆ.